ಹಡಗಿನಹಿತ್ಲಿಗೆ ಬರೆದ ಕಾಗದ

ನೆನೆದ ಅವರೆಕಾಳನ್ನು ಹಿಸುಕುತ್ತಾ ಬಾಗಿಲಲ್ಲಿ ಕೂತಿದ್ದೆ. ಬೇಳೆ ಪಾತ್ರೆಗೆ, ಸಿಪ್ಪೆ ಮೊರಕ್ಕೆ. ಅರ್ಧ ಆಗಿತ್ತು, ಅರ್ಧ ಬಾಕಿ ಇತ್ತು. ಅಷ್ಟರಲ್ಲಿ ಹಿಂದಿನ ಕೋಣೆಯ ಜಟ್ಟಪ್ಪ ಹೊಸ ಇನ್‌ಲ್ಯಾಂಡ್ ಕಾಗದ ಒಂದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದು ಎದುರಿಗೆ ನಿಂತ.

“ಅಕ್ಕಾ, ಇವತ್ತು ಬರೆದು ಮುಗಿಸಿಬಿಡುವ.”

“ಹೋದ ಭಾನುವಾರವೂ ಮುಗಿಸಿಬಿಡುವ ಅಂದೆ. ಅದರ ಹಿಂದಿನ ಭಾನುವಾರವೂ ಅಂದೆ. ನನ್ನ ಕೈ ನೋಡು, ಬರೀ ಸೊಗಡು. ಈ ಕೈಯಲ್ಲಿ ಬರೆದರೆ ನಿಮ್ಮೂರಿನೋರು ಕಾಗದ ಓದಲ್ಲ, ಮುದ್ದೆ ಮಾಡ್ಕೊಂಡು ಬಂದುಬಿಡ್ತಾರೆ.”

“ಇವತ್ತು ಖಂಡಿತ ಅಕ್ಕಾ. ಎರಡೇ ಮಾತು.”

ಎರಡೇ ಮಾತು! ಆ ಎರಡು ಮಾತಿಗಾಗಿ ನಾನು ದಸರಾದಿಂದ ಕಾಯುತ್ತಿದ್ದೆ. ಸಂಕ್ರಾಂತಿ ಬಂದು ಬಾಗಿಲಲ್ಲಿ ನಿಂತಿತ್ತು, ಆ ಎರಡು ಮಾತು ಮಾತ್ರ ಅವನ ಬಾಯಿಂದ ಇನ್ನೂ ಹೊರಟಿರಲಿಲ್ಲ.

ಜಟ್ಟಪ್ಪ ನಮ್ಮ ಬಾಡಿಗೆಯವನು. ನಮ್ಮ ಯಜಮಾನರು ಗಿರಣಿಯಲ್ಲಿದ್ದಾಗ, “ಪಾಪ, ಘಟ್ಟದ ಕೆಳಗಿನ ಹುಡುಗ, ಒಂದು ತಿಂಗಳು ಇದ್ದು ಹೋಗಲಿ” ಅಂತ ಕರೆದುಕೊಂಡು ಬಂದಿದ್ದರು. ಯಜಮಾನರು ತೀರಿಕೊಂಡರು. ಅವನ ಗಿರಣಿ ಕೆಲಸ ಮುಗಿಯಿತು. ನಮ್ಮ ಹೊಸಹಳ್ಳಿಯ ಹೊಲಗಳೆಲ್ಲ ಬೆಂಗಳೂರಿನ ವಿಜಯನಗರದ ಸೈಟುಗಳಾದವು. ಜಟ್ಟಪ್ಪನ ಆ ಒಂದು ತಿಂಗಳು ಮಾತ್ರ ಇನ್ನೂ ಮುಗಿದಿಲ್ಲ. ಹೆಂಡತಿ ಹೋಗಿ ಬಹಳ ಕಾಲವಾಯಿತು, ಮಕ್ಕಳಿಲ್ಲ. ನನಗೆ ಅಕ್ಕಾ ಅನ್ನುತ್ತಾನೆ, ನಮ್ಮನೆ ಸಾರು ತಿಂದು ಇದಕ್ಕೆ ತೆಂಗಿನಕಾಯಿ ಸಾಲದು ಅನ್ನುತ್ತಾನೆ. ಅವನಿಗೆ ಓದು ಬರಹ ಬರದು. ನನಗೂ ಬರುತ್ತಿರಲಿಲ್ಲ, ತಲೆ ನರೆತ ಮೇಲೆ ರಾತ್ರಿಶಾಲೆಗೆ ಹೋಗಿ ಕಲಿತೆ. ನೀನೂ ಬಾರಯ್ಯ ಅಂತ ಕರೆದುಕೊಂಡು ಹೋಗಿದ್ದೆ. ಬಂದ, ಒಂದೇ ಒಂದು ದಿನ. ಮೇಷ್ಟರು ಅ ತಿದ್ದು ಅಂದರೆ ಸ್ಲೇಟಿನ ಮೇಲೆ ದೋಣಿ ಬರೆದ. ಆವತ್ತಿನಿಂದ ಅವನ ಕಾಗದಗಳಿಗೆಲ್ಲ ನನ್ನದೇ ಕೈ.

ಅವನ ಊರು ಹಡಗಿನಹಿತ್ಲು. ಹೊನ್ನಾವರದ ಆಚೆ ಎಲ್ಲೋ, ಕಡಲ ದಂಡೆಯಲ್ಲಿ. ಮೂರು ಕಡೆ ಗುಡ್ಡ, ಒಂದು ಕಡೆ ನೀರು. ರಾತ್ರಿಶಾಲೆಯ ಪುಸ್ತಕದಲ್ಲಿ ಕೊಲ್ಲಿ ಅಂತ ಓದಿದ್ದು ಇದನ್ನೇ ಇರಬೇಕು ಅಂದುಕೊಂಡಿದ್ದೇನೆ. ರಸ್ತೆ ಇಲ್ಲ. ಬಸ್ಸಿಳಿದು ಗುಡ್ಡ ಹತ್ತಿ, ಗೇರುಮರಗಳ ನಡುವೆ ಇಳಿಯುತ್ತಾ ಇಳಿಯುತ್ತಾ, ಇನ್ನೇನು ಊರು ಬಂತು ಅನ್ನುವಷ್ಟರಲ್ಲಿ ಕಾಲಬುಡಕ್ಕೆ ಕಡಲೇ ಬಂದುಬಿಡುತ್ತದಂತೆ. ನಾನು ಕಂಡ ದೊಡ್ಡ ನೀರು ಅಂದರೆ ಕೆಂಗೇರಿ ಕೆರೆ. ಆದರೆ ಕಣ್ಣು ಕಟ್ಟಿ ಹಡಗಿನಹಿತ್ಲಲ್ಲಿ ಬಿಟ್ಟರೂ ಎಡವದೆ ನಡೆದುಹೋದೇನು. ಅಷ್ಟು ಸಲ ಬರೆದಿದ್ದೇನೆ.

ಅಲ್ಲಿ ಊರಿಗೆಲ್ಲ ಸೇರಿ ಒಂದೇ ಬಲೆ, ರಂಪಣಿ ಅನ್ನುತ್ತಾರೆ. ಒಬ್ಬರ ಸೊತ್ತಲ್ಲ ಅದು. ಒಂದೊಂದು ಮನೆಯವರು ಒಂದೊಂದು ತುಂಡು ಹೆಣೆದು ತಂದು, ತುಂಡಿಗೆ ತುಂಡು ಹೊಲಿದು, ಕೊಲ್ಲಿಯನ್ನೇ ಸುತ್ತುವಷ್ಟು ಉದ್ದ ಮಾಡಿದ್ದು. ದೋಣಿಯಲ್ಲಿ ಒಯ್ದು ನೀರಿಗೆ ಬಿಟ್ಟು, ಆಮೇಲೆ ಊರಿಗೆ ಊರೇ ದಂಡೆಯಲ್ಲಿ ನಿಂತು ಎಳೆಯಬೇಕು. ಯಾವ ಮನೆಯ ತುಂಡು ಬಲೆಯಲ್ಲಿದೆಯೋ ಆ ಮನೆಯ ಒಬ್ಬರ ಕೈ ಹಗ್ಗದ ಮೇಲಿರಬೇಕು, ಅದು ಅಲ್ಲಿಯ ಕಟ್ಟಳೆ. ಕೂಲಿಯವನನ್ನು ನಿಲ್ಲಿಸುವ ಹಾಗಿಲ್ಲ. ಜಟ್ಟಪ್ಪನ ಮನೆಯ ತುಂಡು ಅವರಪ್ಪನ ಕಾಲದ್ದು, ಈಗ ಇವನ ಹೆಸರಿನಲ್ಲಿದೆ. ಇವನು ಬೆಂಗಳೂರಿಗೆ ಬಂದಮೇಲೆ ತಮ್ಮ ಎಳೆದ. ತಮ್ಮ ಸತ್ತ. ಈಗ ತಮ್ಮನ ಹೆಂಡತಿ ಮಾದೇವಿ ಎಳೆಯುತ್ತಿದ್ದಾಳೆ. ವಯಸ್ಸಾದ ಹೆಂಗಸು, ಸೊಂಟದವರೆಗೆ ನೀರಲ್ಲಿ, ಗಂಡಸರ ಸಾಲಿನಲ್ಲಿ. ಎಳೆದರೆ ಸಿಗುವುದಾದರೂ ಏನು? ಯಂತ್ರದ ದೋಣಿಗಳು ಬಂದ ಮೇಲೆ ಮೀನನ್ನೆಲ್ಲ ಆಳದಲ್ಲೇ ಬಾಚಿಕೊಂಡು ಹೋಗುತ್ತಾರಂತೆ. ದಂಡೆಗೆ ಬರುವುದು ಪಾಚಿ, ಕಸ, ಹಿಡಿ ಮೀನು.

ದಸರಾಕ್ಕೆ ಮುಂಚೆ ಮಾದೇವಿ ಅಲ್ಲಿಯ ಶಾಲೆ ಮೇಷ್ಟರ ಕೈಲಿ ಬರೆಸಿ ಕಳಿಸಿದ್ದಳು. ‘ಭಾವನವರಿಗೆ ನಮಸ್ಕಾರ. ನನಗೆ ಇನ್ನು ಕೈಲಾಗುವುದಿಲ್ಲ. ಮಗಳು ಕುಮಟೆಗೆ ಬಂದು ತನ್ನ ಜೊತೆ ಇರು ಅನ್ನುತ್ತಾಳೆ. ನಮ್ಮ ತುಂಡು ಬಿಡಿಸಿ ಎಂದು ನೀವು ಒಂದು ಮಾತು ಕಳಿಸಿದರೆ ತಂಡೇಲರು ಬಿಡಿಸುತ್ತಾರೆ. ನಿಮ್ಮ ಮಾತಿಲ್ಲದೆ ಬಲೆಗೆ ಕತ್ತಿ ಹಾಕುವುದಿಲ್ಲ ಎಂದಿದ್ದಾರೆ.’ ತಂಡೇಲ ಅಂದರೆ ಬಲೆಯ ಯಜಮಾನ.

ಇಷ್ಟೇ ವಿಷಯ. ಬಿಡಿಸಿ ಅಂತಲೋ ಬೇಡ ಅಂತಲೋ ಬರೆದರೆ ಆಯಿತು. ಒಂದು ಕಾರ್ಡು ಸಾಕು. ಆದರೆ ಕಾರ್ಡು ಆಗದಂತೆ. ಬಲೆಯ ಮಾತು ಮೊದಲು ತಂಡೇಲನ ಕಿವಿಗೆ ಬೀಳಬೇಕು, ಕಾರ್ಡಾದರೆ ದಾರಿಯಲ್ಲೇ ಹತ್ತು ಜನ ಓದುತ್ತಾರಂತೆ. ಸರಿ, ಲಕೋಟೆಯಲ್ಲಿ ಹಾಕೋಣ, ಎಷ್ಟು ಹಾಳೆ ಬೇಕಾದರೂ ಬರೆಯಬಹುದು ಅಂದೆ. ಅಯ್ಯೋ, ಲಕೋಟೆ ಕಂಡರೆ ಕೋರ್ಟಿನದು ಅಂತ ಊರವರು ಹೆದರುತ್ತಾರಂತೆ. ಹಾಗಾಗಿ ಇನ್‌ಲ್ಯಾಂಡೇ ಆಗಬೇಕು. ಇನ್‌ಲ್ಯಾಂಡಿನಲ್ಲಿ ಇರುವುದು ಅಂಗೈಯಗಲ ಜಾಗ. ಜಟ್ಟಪ್ಪನ ಬಾಯಲ್ಲಿ ಇರುವುದು ಇಡೀ ಕಡಲು.

ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮಣೆಯ ಮೇಲೆ ಕಾಗದ ಹರವಿದೆ. ಪೆನ್ನಿನ ಮುಚ್ಚಳ ತೆಗೆದೆ.

“ಹೇಳಪ್ಪ.”

“ಬರೆಯಿರಿ ಅಕ್ಕಾ. ಬಡಗಣ ಮೂಲೆಯಲ್ಲಿ ಕಾವಲುಗುಡ್ಡ.”

ಬಡಗಣ ಅಂದರೆ ಉತ್ತರ, ತೆಂಕಣ ಅಂದರೆ ದಕ್ಷಿಣ. ಪ್ರತಿಸಲವೂ ಅಲ್ಲಿಂದಲೇ ಶುರು.

“ಜಟ್ಟಪ್ಪ, ಮೊದಲು ವಿಷಯ ಬರೆದುಬಿಡೋಣ. ಬಿಡಿಸಿ, ಇಲ್ಲ ಬೇಡ. ಆಮೇಲೆ ಗುಡ್ಡ ಬರೀ, ಬೆಟ್ಟ ಬರೀ, ನಿನ್ನಿಷ್ಟ.”

“ಬಲೆ ಬಿಡದೆ ಎಳೆಯುವುದುಂಟಾ ಅಕ್ಕಾ? ಎಲ್ಲಾ ಸಾವಕಾಶ ಬರ್ತದೆ. ಗುಡ್ಡದ ನೆತ್ತಿಯಲ್ಲಿ ಒಂಟಿ ಬಸರಿಮರ. ಅದರ ಬುಡದಲ್ಲಿ ನಿಂತವನಿಗೆ ಬಂಗಡೆ ಮೀನಿನ ಹಿಂಡು ನೀರಿನೊಳಗೆ ಕೆಂಪಗೆ ಕಾಣ್ತದೆ. ಮೋಡದ ನೆರಳು ಬಿದ್ದ ಹಾಗೆ, ಆದ್ರೆ ಮೇಲೆ ನೋಡಿದ್ರೆ ಮೋಡ ಇರೂದಿಲ್ಲ. ಅವ ಅಲ್ಲಿಂದ ಪಂಚೆ ಬೀಸಬೇಕು, ಆಗ ಕೆಳಗೆ ದೋಣಿ ಹೊರಡ್ತದೆ.”

“ಅಲ್ಲಯ್ಯ, ಇದು ಮಾದೇವಿಗೆ ಗೊತ್ತಿಲ್ವಾ? ಅವಳು ಬಾಗಿಲು ತೆಗೆದರೆ ಕಾಣೋ ಗುಡ್ಡವನ್ನ ವಿಜಯನಗರದಿಂದ ಅವಳಿಗೆ ಬರೆದು ತಿಳಿಸಬೇಕಾ?”

“ಗೊತ್ತಿದೆ. ಆದ್ರೂ ಬರೆಯಿರಿ.”

ಬರೆದೆ. ಅಕ್ಷರವನ್ನು ಇರುವೆ ಸಾಲಿನಷ್ಟು ಸಣ್ಣಗೆ ಮಾಡಿದೆ. ಹಿಂದೆ ಒಂದು ಸಲ ಹೀಗೆ ಸಣ್ಣಗೆ ಬರೆದಾಗ, ಜಾಗ ಉಳಿಯುತ್ತದೆ ಅಂತ ಗೊತ್ತಾದ ಕೂಡಲೇ ಅವನ ಕಡಲಿನಲ್ಲಿ ಎರಡು ಹೊಸ ಬಂಡೆ ಎದ್ದಿದ್ದವು. ಆದರೂ ಆಸೆ.

“ಗುಡ್ಡದ ಬುಡದಲ್ಲಿ ಸಿಹಿನೀರಿನ ಒರತೆ. ಉಬ್ಬರದ ದಿನ ಅಲೆ ಬಂದು ಅದರ ಬಾಯಿ ಮುಟ್ಟಿ ಹೋಗ್ತದೆ, ಆದ್ರೂ ಉಪ್ಪಿನ ಸುಳಿವಿಲ್ಲ. ಅದಕ್ಕೇ ಹಿಂದೆ ಹಡಗುಗಳು ಬರ್ತಿದ್ದದ್ದು. ಅರಬರು ಬಂದರು, ಪರಂಗಿಯವರು ಬಂದರು. ಕರಿಮೆಣಸು ತುಂಬಿದ ಹಡಗು ಆಳದಲ್ಲಿ ನಿಲ್ಲಿಸಿ, ಪೀಪಾಯಿ ಉರುಳಿಸಿಕೊಂಡು ಬಂದು ನೀರು ಒಯ್ತಿದ್ದರು.”

ಆ ಹೊತ್ತಿಗೆ ಪಕ್ಕದ ಮನೆ ಕಲ್ಯಾಣಮ್ಮ ಕೊಡ ಸೊಂಟಕ್ಕಿಟ್ಟುಕೊಂಡು ನಲ್ಲಿಗೆ ಹೊರಟವಳು ನಿಂತಳು.

“ಏನ್ ಹನುಮಕ್ಕ, ಹಡಗು ಬಂತಾ?”

“ಬಂತು. ನೀರು ತುಂಬಿಸ್ಕೊಳ್ತಾ ಇದೆ.”

“ಪುಣ್ಯವಂತರು ಬಿಡಿ ಪರಂಗಿಯೋರು. ನಮ್ಮ ಬೀದಿ ನಲ್ಲಿಗೆ ಬಂದಿದ್ದರೆ ಗೊತ್ತಾಗ್ತಿತ್ತು. ಕ್ಯೂನಲ್ಲಿ ಅವರ ಪೀಪಾಯಿ ಹಿಂದಕ್ಕೆ ತಳ್ಳಿ ಮೂಲೆಮನೆ ಜಗದಾಂಬಾ ಮುಂದೆ ನಿಂತಿರೋಳು.”

ಜಟ್ಟಪ್ಪನಿಗೆ ನಗು ಬರಲಿಲ್ಲ. “ಕಲ್ಯಾಣಮ್ಮ, ನೀವು ನಗಬೇಡಿ. ಒಂದು ಹಡಗು ಮಳೆಗಾಲಕ್ಕೆ ಸಿಕ್ಕಿ ಒಡೆದು, ಅದರ ತೊಲೆಯಲ್ಲೇ ಊರವರು ಮನೆ ಕಟ್ಟಿಕೊಂಡದ್ದು. ಅದಕ್ಕೇ ಹಡಗಿನಹಿತ್ಲು. ನಮ್ಮನೆ ಜಂತಿಯಲ್ಲಿ ಹಡಗಿನ ಮೊಳೆ ಇದೆ, ಹೆಬ್ಬೆರಳು ದಪ್ಪ. ಆಮೇಲೆ ಮೆಣಸಿಗೆ ಸುಂಕ ವಸೂಲಿ ಮಾಡಲಿಕ್ಕೆ ಒಂದು ಕಟ್ಟೆ ಕಟ್ಟಿದರು. ಆ ಸುಂಕದ ಕಟ್ಟೆ ಈಗಲೂ…”

“ಸುಂಕದಕಟ್ಟೆಗಾ? ಅದಕ್ಕೆ ಕಡಲು ಯಾಕೆ ದಾಟ್ತೀರಿ, ಮಾಗಡಿ ರೋಡಲ್ಲಿ ಬಸ್ ಹತ್ತಿ,” ಅಂದು ಕಲ್ಯಾಣಮ್ಮ ಹೋದಳು.

ಅವನು ಬಿಟ್ಟಲ್ಲಿಂದ ಮತ್ತೆ ಹಿಡಿದ. ಸುಂಕದ ಕಟ್ಟೆ ಆಯಿತು. ಮರಳಲ್ಲಿ ಹೂತ ಫಿರಂಗಿ, ಅದರ ಬಾಯಲ್ಲಿ ಏಡಿ ಸಂಸಾರ, ಅದೂ ಆಯಿತು. ಗುಡ್ಡದಿಂದ ಇಳಿಯುವ ಹಳ್ಳ ಕಡಲಿಗೆ ಸೇರುವ ಜಾಗ ಬಂತು. ಮಳೆಗಾಲದಲ್ಲಿ ಹಳ್ಳ ಮರಳನ್ನು ಒಡೆದುಕೊಂಡು ಹೋಗುವುದು, ಬೇಸಿಗೆಯಲ್ಲಿ ಕಡಲು ಮತ್ತೆ ಮರಳು ತಂದು ಬಾಯಿ ಮುಚ್ಚುವುದು, ಅದನ್ನು ಅವನು ಹೇಳುತ್ತಿದ್ದರೆ ಕೇಳುವುದಕ್ಕೆ ಚೆಂದವೇ. ಚೆಂದ ಅಂತಲೇ ನನಗೆ ಇನ್ನೂ ಸಿಟ್ಟು. ಚೆಂದವಾಗಿ ಹೇಳಿಸಿಕೊಳ್ಳಲಿಕ್ಕೆ ಮಾದೇವಿ ಬರೆಸಿದ್ದಲ್ಲ.

“ಜಾಗ ಮುಗೀತು,” ಅಂದೆ.

“ಮುಗೀತಾ? ನಾವಿನ್ನೂ ಹಳ್ಳದಲ್ಲೇ ಇದ್ದೇವಲ್ಲ! ತೆಂಕಣಕ್ಕೆ ಬಂದೇ ಇಲ್ಲ.”

“ಯಾವತ್ತು ಬಂದಿದ್ದೀವಿ? ಹಳ್ಳ ದಾಟೋದರೊಳಗೆ ಕಾಗದ ಮುಗಿಯುತ್ತೆ. ಇಲ್ಲಿ ಅಂಚಿನಲ್ಲಿ ಒಂದು ಸಾಲು ಹಿಡಿಯುತ್ತೆ, ಹೇಳು. ಬಿಡಿಸಿ ಅಂತ ಬರೀಲಾ, ಬೇಡ ಅಂತ ಬರೀಲಾ?”

“ಅರ್ಧ ಬಲೆ ಬಿಟ್ಟು ಯಾರಾದ್ರೂ ಎಳೀತಾರಾ ಅಕ್ಕಾ?”

“ಇನ್ನೊಂದು ಹಾಳೆಯಲ್ಲಿ ಬರೆದು ಇದರೊಳಗೇ ಮಡಚಿ ಇಡೋಣ.”

“ಒಳಗೆ ಏನೂ ಇಡಬಾರದು ಅಂತ ಕಾಗದದ ಮೇಲೇ ಅಚ್ಚು ಹಾಕಿದ್ದಾರೆ ಅಂತ ನೀವೇ ಓದಿ ಹೇಳಿದ್ದಲ್ಲ?”

ಹೌದು, ನಾನೇ ಓದಿ ಹೇಳಿದ್ದೆ. ಓದು ಕಲಿತದ್ದಕ್ಕೆ ಆಗಾಗ ಹೀಗೆ ಅನುಭವಿಸಬೇಕಾಗುತ್ತದೆ.

ಅವನು ಕಾಗದವನ್ನು ಮಡಚಿ, ಕೋಣೆಗೆ ಹೋಗಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಅದರೊಳಗೆ ಇಂಥವು ಎಷ್ಟಿವೆಯೋ. ಎಲ್ಲವೂ ಹಳ್ಳದವರೆಗೆ. ನಾನು ಮತ್ತೆ ಅವರೆಕಾಳಿನ ಮುಂದೆ ಕೂತೆ. ನೆನೆದದ್ದು ಹೆಚ್ಚಾಗಿ ಮುಟ್ಟಿದರೆ ಬೇಳೆಯೇ ಒಡೆಯುತ್ತಿತ್ತು.

ಸಂಕ್ರಾಂತಿ ಕಳೆಯಿತು. ಎಳ್ಳು ಬೀರಿ ಮುಗಿದು, ಕಬ್ಬಿನ ಸಿಪ್ಪೆ ಬೀದಿಯಲ್ಲಿ ಒಣಗುತ್ತಿದ್ದಾಗ, ಒಂದು ಬೆಳಿಗ್ಗೆ ಪೋಸ್ಟಿನವನು ಕಾರ್ಡು ಕೊಟ್ಟುಹೋದ. ಹಡಗಿನಹಿತ್ಲಿನ ಮೇಷ್ಟರದು. ಈ ಸಲ ಮಾದೇವಿ ಬರೆಸಿದ್ದಲ್ಲ, ಅವರೇ ಬರೆದದ್ದು. ಜಟ್ಟಪ್ಪ ಜಗಲಿಯ ಮೇಲೆ ಕೂತು ಚಪ್ಪಲಿಗೆ ಹೊಲಿಗೆ ಹಾಕುತ್ತಿದ್ದ. ಅಲ್ಲೇ ನಿಂತು ಓದಿ ಹೇಳಿದೆ.

‘ಮಾದೇವಮ್ಮನವರು ಬಲೆ ಎಳೆಯುವಾಗ ಬಲಭುಜ ಕೀಲು ತಪ್ಪಿತು. ನಾಟಿವೈದ್ಯರು ಕೂರಿಸಿ ಕಟ್ಟಿದ್ದಾರೆ. ಭಾರತ ಹುಣ್ಣಿಮೆ ಕಳೆದ ಮೇಲೆ ಮತ್ತೆ ಬಲೆ ಬಿಡುತ್ತಾರೆ. ಹೋಗಬೇಡಿ ಅಂದರೆ ಕೇಳುವುದಿಲ್ಲ. ಎಡಗೈಯಲ್ಲಿ ಹಿಡಿಯುತ್ತೇನೆ, ಭಾವನವರ ಮಾತು ಬರುವವರೆಗೆ ಮನೆಯ ಹಗ್ಗ ಖಾಲಿ ಬಿಡಬಾರದು ಅನ್ನುತ್ತಾರೆ.’

ಅವನು ದಾರವನ್ನು ಹಲ್ಲಿನಲ್ಲಿ ಕಡಿದ. ಚಪ್ಪಲಿ ಬದಿಗಿಟ್ಟ. ಎದ್ದು ಕೋಣೆಗೆ ಹೋಗಿ ಇನ್‌ಲ್ಯಾಂಡ್ ತಂದು ನನ್ನ ಮುಂದೆ ಹಿಡಿದ. ಅಬ್ಬಾ, ಕೊನೆಗೂ ಬಂತು ಬುದ್ಧಿ ಅಂದುಕೊಂಡು ನಾನು ಮಣೆ ಎಳೆದುಕೊಂಡು ಕೂತೆ, ಪೆನ್ನು ತೆಗೆದೆ.

“ಬರೆಯಿರಿ ಅಕ್ಕಾ. ಬಡಗಣ ಮೂಲೆಯಲ್ಲಿ ಕಾವಲುಗುಡ್ಡ.”

ನಾನು ಪೆನ್ನು ಕೆಳಗಿಟ್ಟೆ. ನನಗೆ ತಾಳ್ಮೆ ಜಾಸ್ತಿ ಅಂತ ಬೀದಿಯಲ್ಲಿ ಹೆಸರು. ಅತ್ತೆ ಹತ್ತಿರ, ಮೈದುನರ ಹತ್ತಿರ, ಸೈಟಿನ ಆಫೀಸಿನ ಗುಮಾಸ್ತರ ಹತ್ತಿರ ಎಲ್ಲ ತಾಳಿಕೊಂಡವಳು. ಆವತ್ತು ಆಗಲಿಲ್ಲ.

“ಆ ಗುಡ್ಡಕ್ಕೆ ಭುಜ ಇದೆಯೇನೋ?”

“ಅಕ್ಕಾ…”

“ಕೇಳ್ತಿರೋದು ನಿನ್ನನ್ನೇ. ಕೀಲು ತಪ್ಪುತ್ತಾ ಗುಡ್ಡಕ್ಕೆ? ಆ ಬಸರಿಮರಕ್ಕೆ ಕಟ್ಟು ಕಟ್ಟಿದ್ದಾರಾ? ಅಲ್ಲೊಬ್ಬ ಹೆಂಗಸು ಒಂದು ಕೈ ಕೊರಳಿಗೆ ಕಟ್ಟಿಕೊಂಡು ಇನ್ನೊಂದು ಕೈಲಿ ಹಗ್ಗ ಹಿಡೀತೀನಿ ಅಂತಿದ್ದಾಳೆ, ನೀನು ಇಲ್ಲಿ ಕೂತು ಏಡಿ ಸಂಸಾರ ಹೇಳು! ಬೇಡ ಅನ್ನೋದಾದ್ರೆ ಬೇಡ ಅಂತಲೇ ಹೇಳು. ಸಾಯೋವರೆಗೂ ಎಳಿ ಮಾದೇವಿ ಅಂತ ಬರೆಸು. ಬರೆದುಕೊಡ್ತೀನಿ, ದುಂಡಗೆ ಬರೆದುಕೊಡ್ತೀನಿ.”

ಕಲ್ಯಾಣಮ್ಮ ಕಾಂಪೌಂಡಿನ ಮೇಲಿಂದ ಇಣುಕಿದಳು. ನನ್ನ ಮುಖ ನೋಡಿ ಒಳಗೆ ಹೋದಳು.

ಜಟ್ಟಪ್ಪ ಮಣೆಯ ಮೇಲಿನ ಕಾಗದ ಎತ್ತಿಕೊಂಡ. ಆಮೇಲೆ ನೆಲ ನೋಡಿಕೊಂಡು ಹೇಳಿದ:

“ಬಲೆಯಲ್ಲಿ ತುಂಡಿಲ್ಲದವ ದಂಡೆಯ ಮೇಲೆ ನೆಂಟ, ಅಕ್ಕಾ. ನಮ್ಮಲ್ಲಿ ಹಾಗೇ. ತುಂಡಿದ್ದವ ಎಲ್ಲಿಗೆ ಹೋದ್ರೂ, ಎಷ್ಟು ಕಾಲ ಕಳೆದು ಬಂದ್ರೂ, ಯಾವಾಗ ಬಂದೆ, ಯಾವಾಗ ಹೋಗ್ತೆ ಅಂತ ಯಾರೂ ಕೇಳೂದಿಲ್ಲ. ನೆಂಟನನ್ನ ಕೇಳ್ತಾರೆ.”

“ನೀನು ಹೋಗಿ ಎಷ್ಟು ಕಾಲ ಆಯ್ತು?”

“ತಮ್ಮನ ತಿಥಿಗೆ ಹೋದದ್ದು.”

“ಯಾವಾಗ ಬಂದೆ ಅಂತ ಕೇಳೋಕಾದರೂ ನೀನು ಹೋದರೆ ತಾನೇ?”

ಅವನು ಹೊಲಿಗೆ ಮುಗಿಯದ ಚಪ್ಪಲಿಯನ್ನೇ ಮೆಟ್ಟಿಕೊಂಡು ಗೇಟು ತೆಗೆದು ಹೋದ.

ನಾನು ಒಲೆ ಮುಂದೆ ಹೋಗಿ ಮುದ್ದೆಗೆ ಎಸರಿಟ್ಟೆ. ಅವನು ಹೇಳಿದ್ದು ನನಗೆ ಅರ್ಥವಾಗದೆ ಇರಲಿಲ್ಲ. ನಾನು ಹುಟ್ಟಿದ್ದು ಇದೇ ಹೊಸಹಳ್ಳಿಯಲ್ಲಿ, ಕೊಟ್ಟದ್ದೂ ಇಲ್ಲಿಗೇ. ಮೊನ್ನೆ ಎದುರು ಮನೆಗೆ ಹೊಸದಾಗಿ ಬಂದ ಹುಡುಗಿ, “ಆಂಟಿ, ನೀವು ಈ ಏರಿಯಾಗೆ ಯಾವಾಗ ಬಂದ್ರಿ?” ಅಂತ ನನ್ನನ್ನು ಕೇಳಿದಳು. ಒಳ್ಳೆ ಹುಡುಗಿಯೇ. ಏನು ಹೇಳಬೇಕೋ ತೋಚದೆ ಬಹಳ ಹಿಂದೆ ಅಂದುಬಿಟ್ಟೆ. ಅದಕ್ಕೆ ಜಟ್ಟಪ್ಪನ ಮೇಲೆ ಕನಿಕರ ಬಂತು. ಕನಿಕರ ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ನಮಗೆ ನೋವಾಯಿತು ಅಂತ ಇನ್ನೊಬ್ಬಳ ಕೈಗೆ ಹಗ್ಗ ಕೊಟ್ಟು ನಿಲ್ಲಿಸುವುದೇ? ಹಿಟ್ಟನ್ನು ಎಷ್ಟು ಜೋರಾಗಿ ತೊಳಸಿದೆನೆಂದರೆ ಆವತ್ತಿನ ಮುದ್ದೆಯಲ್ಲಿ ಒಂದು ಗಂಟಿರಲಿಲ್ಲ.

ಅವನು ಊಟದ ಹೊತ್ತಿಗೆ ವಾಪಸು ಬಂದ. ಇಬ್ಬರೂ ಉಂಡೆವು. ಕೈ ತೊಳೆದ ಮೇಲೆ ಮತ್ತೆ ಕಾಗದ ತಂದು ಮಣೆಯ ಮೇಲಿಟ್ಟು ನಿಂತ, ಬೈಗುಳ ತಿಂದ ಮೇಲೂ ಬಾಗಿಲು ಬಿಡದ ಬೆಕ್ಕಿನ ಹಾಗೆ.

“ಕೂತ್ಕೋ,” ಅಂದೆ. “ಬಲೆ ಬಿಡೋದು ಹೇಗೆ, ಹೇಳು ನನಗೆ.”

“ಎಂತಕ್ಕೆ?”

“ಹೇಳು.”

“ಹಗ್ಗದ ಒಂದು ತುದಿ ಬಡಗಣ ದಂಡೆಯಲ್ಲಿ ಬಿಟ್ಟು ದೋಣಿ ಹೊರಡ್ತದೆ. ಬಲೆ ಇಳಿಸ್ತಾ ಇಳಿಸ್ತಾ ಕೊಲ್ಲಿ ಸುತ್ತಿ ಬಂದು, ಇನ್ನೊಂದು ತುದಿಯನ್ನ ತೆಂಕಣ ದಂಡೆಗೆ ತಂದುಕೊಡ್ತದೆ. ಯಾವತ್ತೂ ಬಡಗಣದಿಂದ್ಲೇ. ಗಾಳಿ ಆ ಕಡೆಯದ್ದು.”

“ಅದಕ್ಕೇ ನೀನು ಯಾವತ್ತೂ ಕಾವಲುಗುಡ್ಡದಿಂದ ಶುರು ಮಾಡೋದು.”

“ಮತ್ತೆ? ಬಲೆಯ ಮಾತು ಅಂದ ಮೇಲೆ ಹಾಗೇ ಹೇಳಬೇಕಲ್ಲ.”

“ಸರಿ. ಎಳೆಯೋವಾಗ ಯಾವ ಕಡೆಯಿಂದ?”

“ಎಳೆಯುವಾಗ ಎರಡೂ ಕಡೆಯಿಂದ.”

“ಹಾಗಾದ್ರೆ ಕೇಳು. ದಸರಾದಿಂದ ಭಾನುವಾರ ಭಾನುವಾರ ನೀನು ಬಲೆ ಬಿಟ್ಟಿದ್ದೀಯ. ನಿನ್ನ ಟ್ರಂಕಿನ ತುಂಬ ಬಿಟ್ಟ ಬಲೆಯೇ ಇದೆ. ಬಿಟ್ಟದ್ದು ಸಾಕು, ಇನ್ನು ಎಳಿ. ಬಡಗಣ ಕಡೆ ನಾನು ಹಿಡ್ಕೊಂಡಿದ್ದೀನಿ ಅಂದ್ಕೋ, ಅದು ನನಗೆ ಬಾಯಿಪಾಠ ಬರುತ್ತೆ. ನೀನು ತೆಂಕಣದಿಂದ ಎಳಿ.”

ಅವನು ನನ್ನ ಮುಖ ನೋಡಿದ. ನಗುತ್ತಾನೆ ಅಂದುಕೊಂಡೆ, ನಗಲಿಲ್ಲ. ಅಂಗೈಗಳನ್ನು ಮಂಡಿಯ ಮೇಲೆ ಉಜ್ಜಿಕೊಂಡ.

“ತೆಂಕಣದಲ್ಲಿ ಕರಿಬಂಡೆ,” ಅಂದ.

ಬರೆದೆ. ಇಷ್ಟು ಕಾಗದಗಳಲ್ಲಿ ಈ ಸಾಲು ಬರೆದದ್ದು ಇದೇ ಮೊದಲು.

“ಅದರ ಬುಡದಲ್ಲಿ ದಂಡೆ ಇಳಿಜಾರು. ಕೊಲ್ಲಿಯಲ್ಲಿ ಬೇರೆಲ್ಲೂ ಹಾಗಿಲ್ಲ. ಅಲೆ ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳನ್ನೂ ಕಿತ್ತುಕೊಂಡು ಹೋಗ್ತದೆ. ಹಿಮ್ಮಡಿ ಹೂತುಹೋಗ್ತದೆ. ಬಲೆಯ ಭಾರವೆಲ್ಲ ಕೊನೆಗೆ ಬರೂದು ಅಲ್ಲಿಗೇ. ಹಗ್ಗ ಬಿಟ್ರೆ ಹಿಂದಿನವರೆಲ್ಲ ಬೀಳ್ತಾರೆ. ಬಿಡದಿದ್ರೆ ಭುಜ…”

ನಿಲ್ಲಿಸಿದ.

“ಅಲ್ಲಿ ನಿಲ್ಲೋರು ಯಾರು?”

“ಗಟ್ಟಿಗರು. ಒಂದೊಂದು ಮನೆಗೆ ಒಂದೊಂದು ಜಾಗ ಅಂತ ಇದೆಯಲ್ಲ, ಅದು ನಮ್ಮನೆಯದ್ದು. ಅಪ್ಪ ನಿಂತಿದ್ದ. ಬೆಂಗಳೂರಿಗೆ ಬರುವವರೆಗೆ ನಾನು ನಿಂತಿದ್ದೆ. ಒಂದು ಸಲ ಬಿದ್ದು ನೀರು ಕುಡಿದಿದ್ದೆ, ಅಪ್ಪ ಜುಟ್ಟು ಹಿಡಿದು ಎತ್ತಿದ್ದ. ಆಮೇಲೆ ತಮ್ಮ.”

“ಈಗ?”

ಬೀದಿಯಲ್ಲಿ ನಲ್ಲಿ ಬಂತು ನಲ್ಲಿ ಬಂತು ಅಂತ ಕೂಗು ಕೇಳಿಸಿತು. ಕೊಡಗಳ ಸದ್ದಾಯಿತು. ನಾನು ಏಳಲಿಲ್ಲ.

“ಮಾದೇವಿ,” ಅಂದ.

ಅವನಿಗೆ ಗೊತ್ತಿರಲಿಲ್ಲ ಅಂತಲ್ಲ. ಎರಡು ಕಾಗದದಲ್ಲಿ ನಾನೇ ಓದಿ ಹೇಳಿದ್ದೆ. ಆದರೆ ಅವನ ಕೊಲ್ಲಿಯಲ್ಲಿ ಹಡಗಿತ್ತು, ಫಿರಂಗಿ ಇತ್ತು, ಏಡಿಯೂ ಇತ್ತು, ಮಾದೇವಿ ಇರಲಿಲ್ಲ. ಈಗ ಅವನ ಬಾಯಿಂದಲೇ ಆ ಬಂಡೆ ಬುಡಕ್ಕೆ ಬಂದು ನಿಂತಳು. ಅವನು ತನ್ನ ಬಲಭುಜವನ್ನು ಎಡಗೈಯಿಂದ ಹಿಡಿದುಕೊಂಡು ಕೂತಿದ್ದ.

“ಬರೀಲಾ?” ಅಂದೆ. ನನ್ನ ದನಿಯೂ ಸ್ವಲ್ಪ ಇಳಿದಿತ್ತು.

“ಬರೆಯಿರಿ. ತಂಡೇಲರಿಗೆ ಜಟ್ಟಪ್ಪ ಹೇಳುವ ಮಾತು. ಕರಿಬಂಡೆ ಬುಡದಲ್ಲಿ ಮಾದೇವಿ ನಿಂತಿದ್ದಾಳೆ. ಅದು ಅವಳು ನಿಲ್ಲುವ ಜಾಗ ಅಲ್ಲ, ನಾನು ನಿಲ್ಲಬೇಕಾದ ಜಾಗ. ನಾನು ಬರೂದಿಲ್ಲ. ನಮ್ಮ ತುಂಡು ಬಿಡಿಸಿ. ತುಂಡು ಅವಳಿಗೆ ಕೊಡಿ, ಏನು ಬೇಕಾದ್ರೂ ಮಾಡಿಕೊಳ್ಳಲಿ. ಹುಣ್ಣಿಮೆಯ ಒಳಗೆ ಕುಮಟೆಗೆ ಹೋಗಲಿ.”

“ನಾನು ಬರೂದಿಲ್ಲ, ಅದನ್ನೂ ಬರೀಲಾ?”

“ಹೌದು. ಇಲ್ಲದಿದ್ರೆ ನನ್ನ ಜಾಗ ಅಂತ ಕಾಯ್ತಾರೆ.”

ಬರೆದೆ. ಓದಿ ಹೇಳಿದೆ. ತಲೆಯಾಡಿಸಿದ. ಎಡ ಹೆಬ್ಬೆರಳಿಗೆ ಪೆನ್ನಿನ ಮಸಿ ಹಚ್ಚಿ, ಹೆಸರಿನ ಪಕ್ಕದಲ್ಲಿ ಒತ್ತಿಸಿದೆ. ಕಾಗದದಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಉಳಿದಿತ್ತು. ಅದು ಅವನ ಕಣ್ಣಿಗೆ ಬಿತ್ತು ನೋಡಿ.

“ಅಕ್ಕಾ, ಇಷ್ಟು ಜಾಗ ಇದೆಯಲ್ಲ. ಕಾವಲುಗುಡ್ಡದ ಒಂದು…”

“ಜಟ್ಟಪ್ಪ!”

“ಒಂದೇ ಸಾಲು.”

“ಖಾಲಿ ಜಾಗಕ್ಕೆ ಪೋಸ್ಟಿನೋರು ದಂಡ ಹಾಕಲ್ಲ. ಸುಮ್ಮನಿರು.” ಮಡಚಿದೆ. ಇನ್‌ಲ್ಯಾಂಡಿನ ಅಂಟು ಎಂದಿನಂತೆ ಹಿಡಿಯಲಿಲ್ಲ. ಅನ್ನದ ಅಗುಳು ತಂದು ತಿಕ್ಕಿ, ಮೇಲೆ ಒರಳಿನ ಗುಂಡು ಹೇರಿದೆ. ವಿಳಾಸ ಬರೆದೆ. ನಾಳೆ ಹಾಕಿದರೆ ಆಗದೇ ಅಂದ. ಆಗುವುದಿಲ್ಲ ಅಂದೆ. ಬಿಸಿಲು ಇಳಿಯಲಿ ಅಂದ. ಛತ್ರಿ ತಗೋ ಅಂದೆ. ಒಬ್ಬನನ್ನೇ ಕಳಿಸಿದರೆ ಆ ಕಾಗದವೂ ಟ್ರಂಕಿಗೇ ಹೋಗುತ್ತದೆ ಅಂತ ನನಗೆ ಗೊತ್ತಿದ್ದುದರಿಂದ ಬಾಗಿಲಿಗೆ ಚಿಲಕ ಹಾಕಿ ನಾನೂ ಹೊರಟೆ.

ಪೋಸ್ಟ್ ಡಬ್ಬ ಇರುವುದು ಪೈಪ್‌ಲೈನ್ ರಸ್ತೆಯ ತಿರುವಿನಲ್ಲಿ, ಸೈಕಲ್ ಶಾಪಿನ ಪಕ್ಕ. ಹೊಲಿಗೆ ಬಿಟ್ಟ ಚಪ್ಪಲಿ ಎಳೆಯುತ್ತಾ ಅವನು ನಡೆದ. ನಾನು ಎರಡು ಸಲ ನಿಂತು ಕಾದೆ. ಡಬ್ಬದ ಮುಂದೆ ಬಂದು ಕಾಗದವನ್ನು ಅದರ ಬಾಯಿಗೆ ಇಟ್ಟ. ಇಟ್ಟ ಕೈ ಅಲ್ಲೇ ನಿಂತಿತು.

“ತಂಡೇಲನಿಗೆ ನಮಸ್ಕಾರ ಬರೆದಿದ್ದೀರಾ ಅಕ್ಕಾ?”

“ಬರೆದಿದ್ದೀನಿ.”

“ಮೇಷ್ಟರಿಗೆ?”

“ಅವರಿಗೂ.”

“ಭುಜಕ್ಕೆ ಎಣ್ಣೆ ಕಾಯಿಸಿ ಹಚ್ಚಬೇಕು ಅಂತ?”

“ಅದು ಮಾದೇವಿಗೆ ಗೊತ್ತಿರುತ್ತೆ.”

“ನಾನು ಹೇಳಿದೆ ಅಂತ ಬರೆದ್ರೆ ಆಗ್ತಿತ್ತು.”

ಅಷ್ಟರಲ್ಲಿ ಡಬ್ಬ ತೆಗೆಯುವವನು ಸೈಕಲ್ಲಿನಲ್ಲಿ ಬಂದು ಇಳಿದ. ಖಾಕಿ ಅಂಗಿ, ಹೆಗಲಲ್ಲಿ ಚೀಲ, ಕೈಯಲ್ಲಿ ಬೀಗದ ಗೊಂಚಲು. ನಮ್ಮಿಬ್ಬರನ್ನೂ ನೋಡಿದ.

“ಯಜಮಾನ್ರೇ, ಹಾಕ್ತೀರೋ ಇಲ್ವೋ? ನಾನು ಬೀಗ ತೆಗೀಬೇಕು.”

ಜಟ್ಟಪ್ಪ ಕಾಗದವನ್ನು ಡಬ್ಬದ ಬಾಯಿಂದ ಹಿಂದಕ್ಕೆ ತೆಗೆದ. ಕೈಯಿಂದ ಕಿತ್ತುಕೊಳ್ಳಲೇ ಅಂತ ಒಂದು ಹೆಜ್ಜೆ ಮುಂದಿಟ್ಟೆ. ಅವನು ಅದನ್ನು ಅಂಗಿಗೆ ಒಮ್ಮೆ ಒರೆಸಿ, ಎರಡೂ ಕೈಯಲ್ಲಿ ಹಿಡಿದು, ಆ ಮನುಷ್ಯನಿಗೇ ನೀಡಿದ.

“ಘಟ್ಟದ ಕೆಳಗೆ ಹೋಗಬೇಕು ಇದು,” ಅಂದ. “ಸ್ವಲ್ಪ ಬೇಗ.”

“ಎಲ್ಲರದ್ದೂ ಬೇಗವೇ ತಾತ,” ಅಂತ ಅವನು ಕಾಗದವನ್ನು ಚೀಲಕ್ಕೆ ಹಾಕಿದ. ಡಬ್ಬದಲ್ಲಿದ್ದವನ್ನೂ ಬಾಚಿ ಅದರ ಮೇಲೆ ತುಂಬಿದ, ಬಾಯಿಗೆ ದಾರ ಬಿಗಿದು ಸೈಕಲ್ ಹತ್ತಿದ. ಮಾಗಡಿ ರಸ್ತೆ ಕಡೆ ಹೊರಟ ಸೈಕಲ್ಲು ಲಾರಿಗಳ ನಡುವೆ ಕಾಣದಾಗುವವರೆಗೂ ಜಟ್ಟಪ್ಪ ನೋಡುತ್ತಾ ನಿಂತಿದ್ದ.